ಸ್ತನ ಕ್ಯಾನ್ಸರ್: ಇಮ್ಯೂನೊಥೆರಪಿ ನಡೆಯುತ್ತಿರುವಾಗಲೇ ರೇಡಿಯೇಷನ್ ಕೊಡಬಹುದೇ?

ಪ್ರಶ್ನೆ: ನಾವು ದಾವಣಗೆರೆ ಜಿಲ್ಲೆಯವರು. ನನ್ನ ಅಕ್ಕನಿಗೆ 44 ವರ್ಷ. ಎಡ ಸ್ತನದಲ್ಲಿ ಟ್ರಿಪಲ್ ನೆಗೆಟಿವ್ ಕ್ಯಾನ್ಸರ್ ಪತ್ತೆಯಾಯಿತು. ಕಂಕುಳಿನ ಒಂದು ಗ್ರಂಥಿಗೂ ಹರಡಿತ್ತು. ಮೊದಲು ಕೀಮೋಥೆರಪಿಯ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯೂನೊಥೆರಪಿ ಕೊಟ್ಟರು. ಬಳಿಕ ಸ್ತನವನ್ನು ಉಳಿಸಿ, ಗಡ್ಡೆಯಿದ್ದ ಭಾಗವನ್ನಷ್ಟೇ ತೆಗೆದರು. ತೆಗೆದ ಭಾಗದಲ್ಲಾಗಲಿ ಗ್ರಂಥಿಗಳಲ್ಲಾಗಲಿ ಕ್ಯಾನ್ಸರ್ ಉಳಿದಿಲ್ಲವೆಂದು ವರದಿ ಬಂದಿದೆ. ಈಗ 15 ಸಲ ರೇಡಿಯೇಷನ್ ಕೊಡಬೇಕು, ಇಮ್ಯೂನೊಥೆರಪಿಯೂ ಜೊತೆಗೇ ಮುಂದುವರಿಯಬೇಕು ಎನ್ನುತ್ತಿದ್ದಾರೆ. ಕರೆಂಟ್ ಕೊಟ್ಟರೆ ರೋಗನಿರೋಧಕ ಶಕ್ತಿ ಹಾಳಾಗಿ ಅಷ್ಟು ದುಬಾರಿ ಔಷಧ ವ್ಯರ್ಥವಾಗುತ್ತದೆ ಎಂದು ಬಂಧುಗಳೊಬ್ಬರು ಹೇಳುತ್ತಾರೆ. ಎರಡೂ ಸೇರಿದರೆ ದೇಹದ ಮೂಲೆಮೂಲೆಯ ಕ್ಯಾನ್ಸರ್ ಸಾಯುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆವು. ಯಾವುದನ್ನು ನಂಬಬೇಕು? ಕ್ಯಾನ್ಸರ್ ಪೂರ್ತಿ ಹೋಗಿದ್ದರೆ ರೇಡಿಯೇಷನ್ ಬಿಡಬಹುದೇ?

ಉತ್ತರ: ನಿಮ್ಮ ಅಕ್ಕನವರಿಗೆ ವೈದ್ಯರು ಹೇಳಿರುವುದು ಇಂದು ಒಪ್ಪಿತವಾಗಿರುವ ಕ್ರಮವೇ ಆಗಿದೆ. ರೇಡಿಯೇಷನ್ ಬಿಡಬಾರದು, ಅದಕ್ಕಾಗಿ ಇಮ್ಯೂನೊಥೆರಪಿಯನ್ನು, ಅಂದರೆ ದೇಹದ ನಿರೋಧಕ ಶಕ್ತಿಯೇ ಕ್ಯಾನ್ಸರ್ ಮೇಲೆ ದಾಳಿ ಮಾಡುವಂತೆ ಮಾಡುವ ಚಿಕಿತ್ಸೆಯನ್ನು, ನಿಲ್ಲಿಸಬೇಕಾಗಿಯೂ ಇಲ್ಲ. ಬಂಧುಗಳ ಮಾತಿನಲ್ಲಿ ಒಂದು ಎಳೆ ನಿಜವಿದೆ, ವಿಡಿಯೊದ ಮಾತಿನಲ್ಲೂ ಒಂದು ಎಳೆ ನಿಜವಿದೆ. ಆದರೆ ಎರಡೂ ಆ ಎಳೆಯನ್ನು ಅದು ತಡೆಯಲಾರದಷ್ಟು ದೂರಕ್ಕೆ ಎಳೆದಿವೆ. ಅಕ್ಕನವರಿಗೆ ಈ ಎರಡು ಚಿಕಿತ್ಸೆಗಳನ್ನು ಕೊಡುತ್ತಿರುವುದು ಒಂದರಿಂದ ಇನ್ನೊಂದರ ಬಲ ಹೆಚ್ಚುತ್ತದೆ ಎಂಬ ಲೆಕ್ಕಾಚಾರದಿಂದಲ್ಲ. ಪ್ರತಿಯೊಂದಕ್ಕೂ ಅದರದೇ ಆದ ಕಾರಣವಿದೆ, ಅದರದೇ ಆದ ಪುರಾವೆಯಿದೆ. ಎರಡರ ಅವಧಿ ಒಂದೇ ಕಾಲಕ್ಕೆ ಬಂದಿದೆ, ಅಷ್ಟೆ.

ಮೊದಲು ರೇಡಿಯೇಷನ್‌ನ ಕಾರಣವನ್ನು ನೋಡೋಣ. ಸ್ತನವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆದಾಗ, ಕಣ್ಣಿಗೂ ಸ್ಕ್ಯಾನ್‌ಗೂ ಸಿಗದ ಕ್ಯಾನ್ಸರ್ ಕಣಗಳು ಉಳಿದ ಸ್ತನದಲ್ಲಿ ಇರುವ ಸಾಧ್ಯತೆಯಿದೆ. ಹದಿನೇಳು ಅಧ್ಯಯನಗಳಿಗೆ ಸೇರಿದ 10,801 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇಂಥ ಶಸ್ತ್ರಚಿಕಿತ್ಸೆಯ ಬಳಿಕ ರೇಡಿಯೇಷನ್ ಪಡೆಯದವರಲ್ಲಿ ಹತ್ತು ವರ್ಷಗಳೊಳಗೆ ಶೇ 35ರಷ್ಟು ಮಂದಿಗೆ ಕ್ಯಾನ್ಸರ್ ಮರುಕಳಿಸಿತ್ತು, ಪಡೆದವರಲ್ಲಿ ಅದು ಶೇ 19.3ಕ್ಕೆ ಇಳಿದಿತ್ತು, ಹದಿನೈದು ವರ್ಷಗಳಲ್ಲಿ ಸ್ತನ ಕ್ಯಾನ್ಸರ್‌ನಿಂದಾದ ಸಾವಿನ ಪ್ರಮಾಣವೂ ಶೇ 25.2ರಿಂದ ಶೇ 21.4ಕ್ಕೆ ತಗ್ಗಿತ್ತು. ಸ್ತನ ಉಳಿಸುವ ಶಸ್ತ್ರಚಿಕಿತ್ಸೆ ಸುರಕ್ಷಿತವೆಂದು ನಾವು ಧೈರ್ಯವಾಗಿ ಹೇಳುವುದೇ ಅದರ ಹಿಂದೆ ರೇಡಿಯೇಷನ್ ಇರುತ್ತದೆ ಎಂಬ ಭರವಸೆಯ ಮೇಲೆ.

ಇಮ್ಯೂನೊಥೆರಪಿಯ ಕಾರಣ ಬೇರೆ. ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿಯುವ ಗ್ರಾಹಕಗಳಾಗಲಿ ಹರ್2 ಎಂಬ ಪ್ರೋಟೀನ್ ಆಗಲಿ ಇಲ್ಲದ ಟ್ರಿಪಲ್ ನೆಗೆಟಿವ್ ಕ್ಯಾನ್ಸರ್‌ಗೆ ಹಾರ್ಮೋನ್ ಮಾತ್ರೆಯೂ ಹರ್2 ವಿರುದ್ಧದ ಔಷಧವೂ ನಾಟುವುದಿಲ್ಲ. ಕೀನೋಟ್-522 ಎಂಬ ಅಧ್ಯಯನ ಎರಡನೆಯ ಮತ್ತು ಮೂರನೆಯ ಹಂತದ ಇಂಥ 1,174 ರೋಗಿಗಳಲ್ಲಿ ಕೀಮೋಥೆರಪಿಗೆ ಪೆಂಬ್ರೊಲಿಜುಮ್ಯಾಬ್ ಸೇರಿಸಿ ನೋಡಿತು. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಕ್ಯಾನ್ಸರ್ ಪೂರ್ತಿ ಮಾಯವಾಗಿದ್ದವರ ಪ್ರಮಾಣ ಮೊದಲ ವಿಶ್ಲೇಷಣೆಯಲ್ಲಿ ಶೇ 51.2ರ ಬದಲು ಶೇ 64.8 ಆಗಿತ್ತು. 2024ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಐದು ವರ್ಷಗಳ ಬಳಿಕ ಬದುಕಿದ್ದವರು ಶೇ 86.6, ಕೀಮೋಥೆರಪಿ ಮಾತ್ರ ಪಡೆದ ಗುಂಪಿನಲ್ಲಿ ಶೇ 81.7. ಆ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಮೂರು ವಾರಕ್ಕೊಮ್ಮೆ ಒಂಬತ್ತು ಡೋಸ್‌ಗಳವರೆಗೆ ಔಷಧ ಮುಂದುವರಿಯಿತು. ರೇಡಿಯೇಷನ್ ಅಗತ್ಯವಿದ್ದವರಿಗೆ ಅದನ್ನು ಈ ಡೋಸ್‌ಗಳ ಜೊತೆಯಲ್ಲೇ ಕೊಡಲು, ಇಲ್ಲವೇ ರೇಡಿಯೇಷನ್ ಮುಗಿಸಿ ಔಷಧ ಆರಂಭಿಸಲು ನಿಯಮಾವಳಿಯಲ್ಲೇ ಅವಕಾಶವಿತ್ತು. ಅಕ್ಕನವರ ವೈದ್ಯರು ಅನುಸರಿಸುತ್ತಿರುವುದು ಇದೇ ದಾರಿಯನ್ನು.

ವರದಿಯಲ್ಲಿ ಕ್ಯಾನ್ಸರ್ ಕಾಣದಿದ್ದ ಮೇಲೂ ರೇಡಿಯೇಷನ್ ಏಕೆಂದು ನೀವು ಕೇಳಿರುವುದು ಸಹಜ. ನಿಮ್ಮ ಅಕ್ಕನವರ ವರದಿ ನಿಜಕ್ಕೂ ಶುಭಸೂಚಕ. ಕೀನೋಟ್-522ರಲ್ಲಿ ಇಮ್ಯೂನೊಥೆರಪಿ ಪಡೆದು ಇಂಥ ಫಲ ಕಂಡವರಲ್ಲಿ ಐದು ವರ್ಷಗಳವರೆಗೆ ರೋಗ ಮರುಕಳಿಸದೆ ಉಳಿದವರು ಶೇ 92ರಷ್ಟು. ಆದರೆ ಅವರು ರೇಡಿಯೇಷನ್ ಬಿಟ್ಟು ಪಡೆದ ಫಲ ಅದಲ್ಲ, ಅಗತ್ಯವಿದ್ದವರು ಅದನ್ನೂ ಪಡೆದಿದ್ದರು ಎಂಬುದನ್ನು ಮರೆಯಬಾರದು. ಈ ವಿಷಯದಲ್ಲಿ ಒಂದು ಮಹತ್ವದ ಅಧ್ಯಯನ ನಡೆದಿದೆ. ಮೊದಲು ಕಂಕುಳ ಗ್ರಂಥಿಗಳಿಗೆ ಹರಡಿದ್ದ ಕ್ಯಾನ್ಸರ್ ಕೀಮೋಥೆರಪಿಯಿಂದ ಆ ಗ್ರಂಥಿಗಳಲ್ಲಿ ಪೂರ್ತಿ ಅಳಿದುಹೋದ ಸುಮಾರು 1,600 ಮಂದಿಯನ್ನು ಎನ್‌ಎಸ್‌ಎಬಿಪಿ ಬಿ-51 ಎಂಬ ಅಧ್ಯಯನ ಪರೀಕ್ಷಿಸಿ, ಗ್ರಂಥಿಗಳ ಪ್ರದೇಶಕ್ಕೆ ರೇಡಿಯೇಷನ್ ಕೊಟ್ಟರೂ ಬಿಟ್ಟರೂ ಐದು ವರ್ಷಗಳ ಫಲದಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲವೆಂದು 2023ರ ಡಿಸೆಂಬರ್‌ನಲ್ಲಿ ತಿಳಿಸಿತು. ಸ್ತನ ಉಳಿಸಿಕೊಂಡವರಿಗೆ ಆ ಅಧ್ಯಯನದಲ್ಲೂ ಸ್ತನಕ್ಕೆ ರೇಡಿಯೇಷನ್ ತಪ್ಪಿಸಿರಲಿಲ್ಲ. ಹಾಗಾಗಿ ನೀವು ವೈದ್ಯರೊಂದಿಗೆ ಚರ್ಚಿಸಬಹುದಾದ ಪ್ರಶ್ನೆಯೆಂದರೆ, ಕಂಕುಳು ಮತ್ತು ಕತ್ತಿನ ಬುಡದ ಗ್ರಂಥಿಗಳ ಪ್ರದೇಶವನ್ನೂ ಸೇರಿಸಬೇಕೇ ಎಂಬುದು ಮಾತ್ರ. ಮೊದಲಿಗೆ ಎಷ್ಟು ಗ್ರಂಥಿಗಳಲ್ಲಿ ರೋಗವಿತ್ತು, ಗಡ್ಡೆಯ ಗಾತ್ರವೆಷ್ಟಿತ್ತು, ಶಸ್ತ್ರಚಿಕಿತ್ಸೆಯಲ್ಲಿ ಎಷ್ಟು ಗ್ರಂಥಿಗಳನ್ನು ತೆಗೆದು ನೋಡಿದ್ದಾರೆ ಎಂಬುದರ ಮೇಲೆ ಅದು ನಿರ್ಧಾರವಾಗುತ್ತದೆ. ಸ್ತನದ ರೇಡಿಯೇಷನ್ ಚರ್ಚೆಯ ವಿಷಯವಲ್ಲ.

ಇನ್ನು ವಿಡಿಯೊದ ಮಾತು. ಇದರ ಹಿಂದೆ ದೀರ್ಘವಾದ, ನಿಜಕ್ಕೂ ಕುತೂಹಲಕರವಾದ ವಿಜ್ಞಾನವಿದೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನಮ್ಮ ಟಿ ಜೀವಕೋಶಗಳ ಮೇಲೆ ಪಿಡಿ-1 ಎಂಬ ಪ್ರೋಟೀನ್ ಇರುತ್ತದೆ. ಕ್ಯಾನ್ಸರ್ ಕಣ ತನ್ನ ಮೇಲ್ಮೈಯ ಪಿಡಿ-ಎಲ್1ನಿಂದ ಅದನ್ನು ಹಿಡಿದುಕೊಂಡರೆ ಟಿ ಜೀವಕೋಶ ದಾಳಿಯನ್ನು ನಿಲ್ಲಿಸಿಬಿಡುತ್ತದೆ. ಪೆಂಬ್ರೊಲಿಜುಮ್ಯಾಬ್ ಈ ಹಿಡಿತವನ್ನು ತಪ್ಪಿಸುತ್ತದೆ. ಈ ಬಗೆಯ ಚಿಕಿತ್ಸೆಗೆ ತಳಪಾಯ ಹಾಕಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆದರೆ ಹಿಡಿತ ತಪ್ಪಿಸಬೇಕಾದರೆ ಗಡ್ಡೆಯನ್ನು ಗುರುತಿಸಬಲ್ಲ ಟಿ ಜೀವಕೋಶಗಳು ಮೊದಲು ಅಲ್ಲಿಗೆ ಬಂದಿರಬೇಕಲ್ಲವೇ? ಬಹಳಷ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಅವು ಬಂದಿರುವುದಿಲ್ಲ. ರೇಡಿಯೇಷನ್‌ನ ಪಾತ್ರ ಇಲ್ಲಿ ಬರುತ್ತದೆ. ವಿಕಿರಣ ತಗುಲಿದ ಕ್ಯಾನ್ಸರ್ ಕಣದ ಡಿಎನ್‌ಎ ತುಂಡಾಗಿ, ಅದರ ಚೂರುಗಳು ಕೋಶಕೇಂದ್ರದಿಂದ ಹೊರಗೆ ಸೋರುತ್ತವೆ. ಅಲ್ಲಿ ಇರಬಾರದ ಡಿಎನ್‌ಎಯನ್ನು ಕಂಡ ಜೀವಕೋಶ, ವೈರಸ್ ನುಗ್ಗಿದಾಗ ಹೇಗೋ ಹಾಗೆಯೇ, ಸಿಗ್ಯಾಸ್ ಮತ್ತು ಸ್ಟಿಂಗ್ ಎಂಬ ಪ್ರೋಟೀನ್‌ಗಳ ಮೂಲಕ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಸಂಕೇತವನ್ನು ಉತ್ಪಾದಿಸುತ್ತದೆ; ಆ ಸಂಕೇತಕ್ಕೆ ಓಗೊಟ್ಟು ಬರುವ ಡೆಂಡ್ರಿಟಿಕ್ ಕೋಶಗಳು ಸತ್ತ ಕ್ಯಾನ್ಸರ್ ಕಣಗಳ ಗುರುತನ್ನು ದುಗ್ಧಗ್ರಂಥಿಗೆ (ಕಂಕುಳಿನಲ್ಲಿರುವಂಥ ಗ್ರಂಥಿಗೆ) ಒಯ್ದು ಟಿ ಜೀವಕೋಶಗಳಿಗೆ ತೋರಿಸುತ್ತವೆ. ಇದೇ ವಿಕಿರಣ ಗಡ್ಡೆಯಲ್ಲಿ ಪಿಡಿ-ಎಲ್1 ಪ್ರಮಾಣವನ್ನೂ ಏರಿಸುತ್ತದೆ, ಅಂದರೆ ಎಬ್ಬಿಸಿದ ದಾಳಿಯನ್ನು ತಾನೇ ಅಡಗಿಸುವ ಏರ್ಪಾಡನ್ನೂ ಮಾಡುತ್ತದೆ. ಇಮ್ಯೂನೊಥೆರಪಿ ಆ ಎರಡನೆಯ ಪರಿಣಾಮವನ್ನು ತಡೆದರೆ ಮೊದಲನೆಯದು ಉಳಿಯುತ್ತದೆ ಎಂಬುದು ಸಿದ್ಧಾಂತ.

ಒಂದು ಕಡೆ ರೇಡಿಯೇಷನ್ ಕೊಟ್ಟಾಗ ದೂರದ ಇನ್ನೊಂದು ಗಡ್ಡೆಯೂ ಕರಗುವುದನ್ನು ಆಬ್ಸ್ಕೋಪಲ್ ಪರಿಣಾಮ ಎನ್ನುತ್ತಾರೆ. ಬ್ರಿಟನ್ನಿನ ಆರ್. ಎಚ್. ಮೋಲ್ 1953ರಲ್ಲಿ ಆ ಹೆಸರನ್ನು ಕೊಟ್ಟರು. ಅಂದಿನಿಂದ ಅರ್ಧ ಶತಮಾನ ಅದು ಅಲ್ಲೊಂದು ಇಲ್ಲೊಂದು ರೋಗಿಯಲ್ಲಿ ಕಂಡ ವಿಚಿತ್ರ ಘಟನೆಯಾಗಿಯೇ ಉಳಿದಿತ್ತು. ನ್ಯೂಯಾರ್ಕ್‌ನಲ್ಲಿ ಸಾಂಡ್ರಾ ಡಿಮಾರಿಯಾ ಮತ್ತು ಸಿಲ್ವಿಯಾ ಫಾರ್ಮೆಂಟಿ ಅವರ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ತನ ಕ್ಯಾನ್ಸರ್‌ನ ಎರಡೆರಡು ಗಡ್ಡೆಗಳಿದ್ದ ಇಲಿಗಳಿಗೆ ಒಂದೇ ಗಡ್ಡೆಗೆ ವಿಕಿರಣ ಕೊಟ್ಟು, ಸಿಟಿಎಲ್‌ಎ-4 ಎಂಬ ಇನ್ನೊಂದು ತಡೆಯನ್ನು ಔಷಧದಿಂದ ತೆರವುಗೊಳಿಸಿದರು. ಒಂದೇ ಸಲಕ್ಕೆ 20 ಗ್ರೇ (ವಿಕಿರಣದ ಅಳತೆ) ಕೊಟ್ಟಾಗ ಎರಡನೆಯ ಗಡ್ಡೆಗೆ ಏನೂ ಆಗಲಿಲ್ಲ. 8 ಗ್ರೇಯಂತೆ ಮೂರು ಸಲ ಕೊಟ್ಟಾಗ ಅದೂ ಕುಗ್ಗಿತು. ಕೆಲ ವರ್ಷಗಳ ಬಳಿಕ ಅದಕ್ಕೊಂದು ವಿವರಣೆಯೂ ಸಿಕ್ಕಿತು: ಒಂದು ಮಿತಿ ಮೀರಿದ ಡೋಸ್‌ನಲ್ಲಿ ಟ್ರೆಕ್ಸ್1 ಎಂಬ ಕಿಣ್ವ ಹುಟ್ಟಿಕೊಂಡು, ಸೋರಿದ ಡಿಎನ್‌ಎ ಚೂರುಗಳನ್ನು ತಿಂದುಹಾಕಿ ಸಂಕೇತವನ್ನೇ ಇಲ್ಲವಾಗಿಸುತ್ತದೆ. ವಿಡಿಯೊಗಳು ಹೇಳುವ ಕಥೆ ಬಹುಮಟ್ಟಿಗೆ ಇಲ್ಲಿಗೆ ಮುಗಿಯುತ್ತದೆ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಏನಾಯಿತು ಎಂಬ ಮುಂದಿನ ಭಾಗವನ್ನು ಯಾರೂ ಹೇಳುವುದಿಲ್ಲ.

ಮನುಷ್ಯರಲ್ಲಿ ಆದದ್ದು ಸಾಧಾರಣ. ದೇಹದ ಬೇರೆಡೆಗೆ ಹರಡಿದ ಟ್ರಿಪಲ್ ನೆಗೆಟಿವ್ ಕ್ಯಾನ್ಸರ್ ಇದ್ದ 17 ಮಹಿಳೆಯರಿಗೆ 30 ಗ್ರೇ ರೇಡಿಯೇಷನ್ ಅನ್ನು ಐದು ಸಲಕ್ಕೆ ಹಂಚಿ, ಜೊತೆಗೆ ಪೆಂಬ್ರೊಲಿಜುಮ್ಯಾಬ್ ಕೊಟ್ಟ ಅಮೆರಿಕದ ಒಂದು ಅಧ್ಯಯನದಲ್ಲಿ ವಿಕಿರಣ ತಗುಲದ ಗಡ್ಡೆಗಳು ಕರಗಿದ್ದು ಮೂವರಲ್ಲಿ. ಆ ಮೂವರ ಪಾಲಿಗೆ ಅದು ದೊಡ್ಡ ಸಂಗತಿಯೇ ಸರಿ, ಆದರೆ ರೇಡಿಯೇಷನ್ ಇಲ್ಲದೆ ಔಷಧವನ್ನಷ್ಟೇ ಕೊಟ್ಟಿದ್ದರೂ ಹಾಗಾಗುತ್ತಿತ್ತೇ ಎಂದು ತಿಳಿಯಲು ಹೋಲಿಕೆಯ ಗುಂಪು ಅಲ್ಲಿರಲಿಲ್ಲ. ನೆದರ್ಲೆಂಡ್ಸ್‌ನ ಟೋನಿಕ್ ಅಧ್ಯಯನದಲ್ಲಿ ಬೇರೆ ಬೇರೆ ಗುಂಪುಗಳಿದ್ದವು. ಇಂಥದೇ ರೋಗಿಗಳಿಗೆ ನಿವೊಲುಮ್ಯಾಬ್ ಎಂಬ, ಪಿಡಿ-1 ತಡೆಯುವ ಇನ್ನೊಂದು ಔಷಧ ಕೊಡುವ ಮೊದಲು ಎರಡು ವಾರ ಒಂದು ಗುಂಪಿಗೆ 8 ಗ್ರೇಯಂತೆ ಮೂರು ಸಲ ರೇಡಿಯೇಷನ್, ಇನ್ನು ಮೂರು ಗುಂಪುಗಳಿಗೆ ಒಂದೊಂದು ಬಗೆಯ ಕೀಮೋಥೆರಪಿ ಕೊಟ್ಟು, ಮತ್ತೊಂದು ಗುಂಪಿಗೆ ಏನೂ ಕೊಡದೆ, ಯಾವುದು ಟಿ ಜೀವಕೋಶಗಳನ್ನು ಹೆಚ್ಚು ಎಬ್ಬಿಸುತ್ತದೆ ಎಂದು ನೋಡಿದರು. ಒಟ್ಟು 67 ರೋಗಿಗಳ ಈ ಅಧ್ಯಯನದಲ್ಲಿ ಡಾಕ್ಸೊರುಬಿಸಿನ್ ಎಂಬ ಕೀಮೋಥೆರಪಿ ಔಷಧ ಪಡೆದವರಲ್ಲಿ ಶೇ 35 ಮಂದಿ ಸ್ಪಂದಿಸಿದರೆ, ರೇಡಿಯೇಷನ್ ಪಡೆದವರಲ್ಲಿ ಸ್ಪಂದಿಸಿದ್ದು ಶೇ 8 ಮಾತ್ರ. ಸಣ್ಣ ಗುಂಪುಗಳಾದ್ದರಿಂದ ಈ ಅಂಕಿಗಳ ಮೇಲೆ ಹೆಚ್ಚು ಭಾರ ಹಾಕಬಾರದು. ಆದರೂ ಇಲಿಗಳಲ್ಲಿ ಗೆದ್ದ ಅದೇ ಡೋಸ್ ಇಲ್ಲಿ ಗೆಲ್ಲಲಿಲ್ಲ ಎಂಬುದು ಗಮನಾರ್ಹ.

ಬೇರೆ ಕ್ಯಾನ್ಸರ್‌ಗಳ ಅನುಭವವೂ ಒಂದೇ ದಿಕ್ಕಿನಲ್ಲಿಲ್ಲ. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ ಮೂರನೆಯ ಹಂತದ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಕೀಮೋ ಮತ್ತು ರೇಡಿಯೇಷನ್ ಮುಗಿದ ಮೇಲೆ ದುರ್ವಾಲುಮ್ಯಾಬ್ ಎಂಬ ಇಮ್ಯೂನೊಥೆರಪಿ ಔಷಧ ಕೊಟ್ಟ ಪೆಸಿಫಿಕ್ ಅಧ್ಯಯನ ಐದು ವರ್ಷ ಬದುಕಿದವರ ಪ್ರಮಾಣವನ್ನು ಶೇ 33.4ರಿಂದ ಶೇ 42.9ಕ್ಕೆ ಏರಿಸಿತು, ಅದೇ ಔಷಧವನ್ನು ರೇಡಿಯೇಷನ್ ಜೊತೆಯಲ್ಲೇ ಆರಂಭಿಸಿದ ಮುಂದಿನ ಅಧ್ಯಯನ ಪ್ರಯೋಜನ ತೋರಲಿಲ್ಲ. ತಲೆ ಮತ್ತು ಕತ್ತಿನ ಕ್ಯಾನ್ಸರ್‌ನಲ್ಲಿ ಅವೆಲುಮ್ಯಾಬ್ ಎಂಬ ಇಂಥದೇ ಔಷಧವನ್ನು ರೇಡಿಯೇಷನ್ ಜೊತೆ ಸೇರಿಸಿದ ದೊಡ್ಡ ಅಧ್ಯಯನ ವಿಫಲವಾಯಿತು. ಗರ್ಭಕೊರಳಿನ ಕ್ಯಾನ್ಸರ್‌ನಲ್ಲಾದರೋ ಕೀಮೋ ಮತ್ತು ರೇಡಿಯೇಷನ್ ಜೊತೆಯಲ್ಲೇ ಪೆಂಬ್ರೊಲಿಜುಮ್ಯಾಬ್ ಕೊಟ್ಟದ್ದು ಫಲಿಸಿ, ಅಮೆರಿಕದಲ್ಲಿ 2024ರ ಜನವರಿಯಲ್ಲಿ ಅನುಮೋದನೆ ಪಡೆಯಿತು. ಅಂದರೆ ಯಾವ ಅಂಗ, ಯಾವ ಕ್ರಮ, ಎಷ್ಟು ಪ್ರದೇಶಕ್ಕೆ ವಿಕಿರಣ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಸ್ತನ ಕ್ಯಾನ್ಸರ್‌ನಲ್ಲಿ ಈಗ ಹೆಚ್ಚು ಆಸೆ ಹುಟ್ಟಿಸಿರುವುದು ಶಸ್ತ್ರಚಿಕಿತ್ಸೆಗೆ ಮೊದಲೇ, ಗಡ್ಡೆ ಇನ್ನೂ ದೇಹದಲ್ಲಿರುವಾಗಲೇ, ಪೆಂಬ್ರೊಲಿಜುಮ್ಯಾಬ್ ಜೊತೆ ಮೂರು ಸಲ ರೇಡಿಯೇಷನ್ ಕೊಟ್ಟು ಬಳಿಕ ಕೀಮೋಥೆರಪಿಗೆ ಹೋಗುವ ಕ್ರಮ. ತರ್ಕ ಸರಳವಾಗಿದೆ: ಟಿ ಜೀವಕೋಶಗಳಿಗೆ ಗುರುತು ತೋರಿಸಲು ಗಡ್ಡೆ ಇರಬೇಕು. ಅಮೆರಿಕದಲ್ಲಿ ಇದರ ಮೇಲೆ ಅಧ್ಯಯನಗಳು ನಡೆದಿವೆ, ನಡೆಯುತ್ತಿವೆ. ದಿನನಿತ್ಯದ ಚಿಕಿತ್ಸೆಯಾಗಿ ಅದಿನ್ನೂ ಬಂದಿಲ್ಲ. ನಿಮ್ಮ ಅಕ್ಕನವರ ಗಡ್ಡೆಯನ್ನು ತೆಗೆದಾಗಿರುವುದರಿಂದ ಈ ಚರ್ಚೆ ಅವರಿಗೆ ಅನ್ವಯಿಸುವುದೂ ಇಲ್ಲ. ಯಾರಾದರೂ ದೇಹವಿಡೀ ಪರಿಣಾಮದ ಆಸೆ ತೋರಿಸಿ, ಅಧ್ಯಯನದ ಚೌಕಟ್ಟಿನ ಹೊರಗೆ, ಹೆಚ್ಚಿನ ಹಣ ಕೇಳಿದರೆ ಅದನ್ನು ಕೊಡಬೇಡಿ.

ಬಂಧುಗಳ ಭಯದಲ್ಲಿರುವ ನಿಜವೇನೆಂದರೆ, ಟಿ ಜೀವಕೋಶಗಳೂ ಸೇರಿದ ರಕ್ತದ ಲಿಂಫೋಸೈಟ್‌ಗಳು ವಿಕಿರಣಕ್ಕೆ ಬಹಳ ಬೇಗ ಸಾಯುವ ಜೀವಕೋಶಗಳು. ರೇಡಿಯೇಷನ್ ಅವಧಿಯಲ್ಲಿ ಅವುಗಳ ಸಂಖ್ಯೆ ಇಳಿಯುತ್ತದೆ, ವಿಸ್ತಾರವಾದ ಪ್ರದೇಶಕ್ಕೆ ಕೊಟ್ಟಷ್ಟೂ ಹೆಚ್ಚು ಇಳಿಯುತ್ತದೆ. ದುಗ್ಧಗ್ರಂಥಿಗಳಿಗೂ ವಿಕಿರಣ ಕೊಟ್ಟರೆ ಇಮ್ಯೂನೊಥೆರಪಿಯ ಬಲ ಕುಗ್ಗುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಕತ್ತಿನ ಕ್ಯಾನ್ಸರ್‌ನಲ್ಲಾದ ವೈಫಲ್ಯಕ್ಕೆ ಇದೂ ಒಂದು ಕಾರಣವಿರಬಹುದೆಂದು ಹಲವರು ಶಂಕಿಸುತ್ತಾರೆ. ಆದರೆ ಸ್ತನಕ್ಕೆ ಕೊಡುವ ರೇಡಿಯೇಷನ್ ಎದೆಗೂಡಿನ ಒಂದು ಪಾರ್ಶ್ವಕ್ಕೆ ಸೀಮಿತವಾದದ್ದು, ಹದಿನೈದು ಸಲ ಎಂದರೆ ವಾರಕ್ಕೆ ಐದು ದಿನದಂತೆ ಮೂರೇ ವಾರ. ಅದರಿಂದ ಪೆಂಬ್ರೊಲಿಜುಮ್ಯಾಬ್ ವ್ಯರ್ಥವಾಯಿತೆಂದು ಸ್ತನ ಕ್ಯಾನ್ಸರ್‌ನ ಯಾವ ಅಧ್ಯಯನವೂ ತೋರಿಸಿಲ್ಲ. ಒಂದು ಊಹೆಗೆ ಹೆದರಿ, ಹತ್ತು ಸಾವಿರ ಮಹಿಳೆಯರಲ್ಲಿ ರುಜುವಾತಾದ ಲಾಭವನ್ನು ಬಿಡುವುದು ಸರಿಯಾದ ಲೆಕ್ಕವಲ್ಲ.

ನೀವು ನಿಜವಾಗಿ ಎಚ್ಚರ ವಹಿಸಬೇಕಾದದ್ದು ಅಡ್ಡಪರಿಣಾಮಗಳ ವಿಷಯದಲ್ಲಿ. ಎರಡೂ ಒಟ್ಟಿಗೆ ನಡೆದಾಗ ಚರ್ಮ ಸ್ವಲ್ಪ ಹೆಚ್ಚು ಕೆಂಪಾಗಬಹುದು. ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಶ್ವಾಸಕೋಶದ ವಿಷಯ ಹಾಗಲ್ಲ. ರೇಡಿಯೇಷನ್‌ನಿಂದಲೂ ಶ್ವಾಸಕೋಶದಲ್ಲಿ ಉರಿಯೂತ ಬರಬಹುದು, ಇಮ್ಯೂನೊಥೆರಪಿಯಿಂದಲೂ ಬರಬಹುದು. ಮೊದಲನೆಯದು ಸಾಮಾನ್ಯವಾಗಿ ಚಿಕಿತ್ಸೆ ಮುಗಿದ ಒಂದರಿಂದ ಆರು ತಿಂಗಳೊಳಗೆ, ವಿಕಿರಣ ತಗುಲಿದ ಭಾಗದಲ್ಲೇ ಕಾಣುತ್ತದೆ. ಎರಡನೆಯದು ಎರಡೂ ಶ್ವಾಸಕೋಶಗಳಲ್ಲಿ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಹಾಗಾಗಿ ರೇಡಿಯೇಷನ್ ಮುಗಿದು ಮೂರು ತಿಂಗಳಾದ ಮೇಲೆ ಶುರುವಾದ ಒಣಕೆಮ್ಮನ್ನೋ, ಮೆಟ್ಟಿಲು ಹತ್ತುವಾಗ ಬರುವ ಏದುಸಿರನ್ನೋ ಶೀತವೆಂದು ಭಾವಿಸಿ ಸುಮ್ಮನಿರಬಾರದು. ಹೃದಯದ ಸ್ನಾಯುವಿನ ಉರಿಯೂತ ಇಮ್ಯೂನೊಥೆರಪಿಯ ಅಪರೂಪದ, ಆದರೆ ಪ್ರಾಣಾಪಾಯದ ತೊಂದರೆ. ನಿಮ್ಮ ಅಕ್ಕನವರ ರೋಗವಿದ್ದದ್ದು ಎಡ ಸ್ತನದಲ್ಲಿ, ಅವರಿಗೆ ಹೃದಯಕ್ಕೆ ತೊಂದರೆ ಮಾಡಬಲ್ಲ ಆಂಥ್ರಾಸೈಕ್ಲಿನ್ ಗುಂಪಿನ ಕೀಮೋಥೆರಪಿ ಔಷಧವೂ ಬಹುಶಃ ಸಿಕ್ಕಿದೆ. ಆದ್ದರಿಂದ ಉಸಿರನ್ನು ಆಳವಾಗಿ ಒಳಗೆಳೆದು ಹಿಡಿದಿಟ್ಟುಕೊಂಡ ಸ್ಥಿತಿಯಲ್ಲಿ ರೇಡಿಯೇಷನ್ ಕೊಡುವ ಸೌಲಭ್ಯ ನಿಮ್ಮ ಆಸ್ಪತ್ರೆಯಲ್ಲಿದೆಯೇ ಎಂದು ಕೇಳಿ. ಹಾಗೆ ಉಸಿರು ಹಿಡಿದಾಗ ಹೃದಯ ಎದೆಯ ಗೋಡೆಯಿಂದ ದೂರ ಸರಿದು, ಅದಕ್ಕೆ ತಗುಲುವ ವಿಕಿರಣ ಕಡಿಮೆಯಾಗುತ್ತದೆ.

ನಾವು ವೈದ್ಯರೂ ಮನೆಯವರೂ ಸುಲಭವಾಗಿ ತಪ್ಪಾಗಿ ಅರ್ಥಮಾಡಿಕೊಳ್ಳುವ ಲಕ್ಷಣವೆಂದರೆ ಸುಸ್ತು. ರೇಡಿಯೇಷನ್‌ನಲ್ಲಿ ಸುಸ್ತಾಗುವುದು ಎಲ್ಲರಿಗೂ ಗೊತ್ತಿರುವುದರಿಂದ, ಇಮ್ಯೂನೊಥೆರಪಿ ಥೈರಾಯ್ಡ್ ಗ್ರಂಥಿಯನ್ನು ಕುಂದಿಸಿರುವುದು ಅದರ ಮರೆಯಲ್ಲಿ ಅಡಗಿರುತ್ತದೆ. ಕೀನೋಟ್-522ರಲ್ಲಿ ಔಷಧ ಪಡೆದವರಲ್ಲಿ ಸುಮಾರು ಶೇ 15 ಮಂದಿಗೆ ಥೈರಾಯ್ಡ್ ಕೊರತೆ ಬಂದಿತ್ತು. ಶೇ 2ರಿಂದ 3ರಷ್ಟು ಮಂದಿಯಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೋತಿತ್ತು. ಇದು ಕಡಿಮೆ ಪ್ರಮಾಣದ್ದಾದರೂ ಗಂಭೀರವಾದದ್ದು: ಎದ್ದರೆ ತಲೆ ಸುತ್ತುವುದು, ರಕ್ತದೊತ್ತಡ ಕುಸಿಯುವುದು, ವಾಂತಿ, ಊಟ ಬೇಡವಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತದಲ್ಲಿ ಕಾರ್ಟಿಸಾಲ್ (ಆ ಗ್ರಂಥಿಯ ಹಾರ್ಮೋನ್) ಮತ್ತು ಸೋಡಿಯಂ ಪರೀಕ್ಷಿಸಬೇಕು. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಇವು ಬರಬಹುದು. ಬೆಂಗಳೂರಿನಲ್ಲಿ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದವರು ಭೇದಿಯಾದರೆ ಹತ್ತಿರದ ಕ್ಲಿನಿಕ್‌ಗೆ ಹೋಗುತ್ತಾರೆ. ಅಲ್ಲಿನ ವೈದ್ಯರಿಗೆ ಇಮ್ಯೂನೊಥೆರಪಿಯ ವಿಷಯ ಗೊತ್ತಿರದಿದ್ದರೆ ಆ್ಯಂಟಿಬಯಾಟಿಕ್ ಕೊಟ್ಟು ಕಳಿಸುತ್ತಾರೆ; ಆದರೆ ಇಮ್ಯೂನೊಥೆರಪಿಯಿಂದ ಬರುವ ಕರುಳಿನ ಉರಿಯೂತಕ್ಕೆ ಬೇಕಾಗಿರುವುದು ಸ್ಟೆರಾಯ್ಡ್. ಅಕ್ಕನವರು ಯಾವ ಔಷಧ ಪಡೆಯುತ್ತಿದ್ದಾರೆ, ಕೊನೆಯ ಡೋಸ್ ಯಾವಾಗ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಬರೆಸಿಕೊಂಡ ಒಂದು ಚೀಟಿ ಅವರ ಪರ್ಸಿನಲ್ಲಿ ಯಾವಾಗಲೂ ಇರಲಿ.

ನಿರೋಧಕ ಶಕ್ತಿ ಹೆಚ್ಚಿಸಲೆಂದು ಅಮೃತಬಳ್ಳಿಯ ಕಷಾಯ, ಪುಡಿ, ಮಾತ್ರೆಗಳನ್ನು ಬಹಳ ಮನೆಗಳಲ್ಲಿ ಕೊಡುತ್ತಾರೆ. ಈ ಅವಧಿಯಲ್ಲಿ ಬೇಡ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ದೇಹದ ನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ಎರಗಿದಂಥ ಕಾಮಾಲೆಯನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದ್ದಾರೆ. ಪೆಂಬ್ರೊಲಿಜುಮ್ಯಾಬ್ ಕೂಡ ಇದೇ ಬಗೆಯ ತೊಂದರೆಯನ್ನು ಯಕೃತ್ತಿಗೆ ತರಬಲ್ಲದು. ಎರಡೂ ಸೇರಿದಾಗ ಯಾವುದರಿಂದ ಏನಾಯಿತೆಂದು ತಿಳಿಯದೆ, ಅಗತ್ಯವಾದ ಔಷಧವನ್ನೇ ನಿಲ್ಲಿಸಬೇಕಾದೀತು.

ಖರ್ಚಿನ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದಲ್ಲಿ ಅದರ ಭಾರ ಕಾಣುತ್ತದೆ. ಶಸ್ತ್ರಚಿಕಿತ್ಸೆಯ ವರದಿ ಇಷ್ಟು ಚೆನ್ನಾಗಿ ಬಂದವರಿಗೆ ಉಳಿದ ಒಂಬತ್ತು ಡೋಸ್‌ಗಳು ನಿಜಕ್ಕೂ ಬೇಕೇ ಎಂಬುದು ವೈದ್ಯಲೋಕದಲ್ಲೂ ಗಂಭೀರ ಪ್ರಶ್ನೆಯಾಗಿದ್ದು, ಅದಕ್ಕೆಂದೇ ಆಪ್ಟಿಮೈಸ್-ಪಿಸಿಆರ್ ಎಂಬ ದೊಡ್ಡ ಅಧ್ಯಯನವನ್ನು ಅಮೆರಿಕದಲ್ಲಿ ಕೈಗೊಂಡಿದ್ದಾರೆ. ಸದ್ಯದ ಕ್ರಮ ಮುಂದುವರಿಸುವುದೇ. ಹಣ ಹೊಂದಿಸುವುದು ಅಸಾಧ್ಯವಾದರೆ ಮನೆ ಅಡವಿಡುವ ಮೊದಲು ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿ. ಎರಡರಲ್ಲಿ ಒಂದನ್ನೇ ಪೂರ್ತಿ ಮಾಡಲು ಸಾಧ್ಯವೆಂಬ ಪರಿಸ್ಥಿತಿ ಬಂದರೆ, ಇಷ್ಟು ಒಳ್ಳೆಯ ವರದಿಯಿರುವ ನಿಮ್ಮ ಅಕ್ಕನವರ ಮಟ್ಟಿಗೆ ನಾನು ರೇಡಿಯೇಷನ್ ಅನ್ನು ಮೊದಲು ಉಳಿಸಿಕೊಳ್ಳಿ ಎನ್ನುತ್ತೇನೆ.

ಉಳಿದಂತೆ, ಗಾಯ ಮಾಗಿದ ಕೂಡಲೇ ರೇಡಿಯೇಷನ್‌ನ ಯೋಜನೆಗಾಗಿ ಸಿ.ಟಿ. ಸ್ಕ್ಯಾನ್ ಮಾಡಿಸಿ, ಅದಕ್ಕೆ ಮೊದಲು ಥೈರಾಯ್ಡ್, ಕಾರ್ಟಿಸಾಲ್, ಯಕೃತ್ತಿನ ಪರೀಕ್ಷೆ ಮತ್ತು ಹೃದಯದ ಎಕೋ ವರದಿಗಳು ಕೈಯಲ್ಲಿರಲಿ. ಮೂರು ವಾರದ ರೇಡಿಯೇಷನ್ ನಡುವೆ ಪೆಂಬ್ರೊಲಿಜುಮ್ಯಾಬ್‌ನ ಒಂದು ಡೋಸ್ ಬಂದರೆ ಅದೇ ದಿನ ಎರಡನ್ನೂ ಪಡೆಯಬಹುದು, ಅದಕ್ಕಾಗಿ ರೇಡಿಯೇಷನ್‌ನ ಒಂದು ದಿನವನ್ನೂ ತಪ್ಪಿಸಬೇಕಾಗಿಲ್ಲ. ಆದರೆ ಜ್ವರ, ಹೊಸ ಕೆಮ್ಮು ಅಥವಾ ಭೇದಿ ಇದ್ದರೆ ಆ ದಿನ ಡ್ರಿಪ್ ಹಾಕುವ ಮೊದಲೇ ನರ್ಸ್‌ಗೆ ಹೇಳಲು ಅಕ್ಕನವರಿಗೆ ತಿಳಿಸಿ; ಅಂಥ ದಿನ ಡೋಸ್ ಅನ್ನು ಮುಂದೂಡಿ ಕಾರಣ ಹುಡುಕುತ್ತಾರೆ.